ಬಚ್ಚಲುಕೊಟ್ಟಿಗೆಯಲ್ಲಿ ಒಂದು ಹೆರಿಗೆ

ಸೋಣ ತಿಂಗಳ ಮಳೆ ನಡುನಡುವೆ ಬಿಡುವು ಕೊಡತೊಡಗಿದಾಗ ಅಳದಂಗಡಿ ಪೇಟೆಯ ಹೆಣ್ಣುನಾಯಿಗಳಿಗೆ ಬೆದೆ ಬರುತ್ತದೆ. ಗುರುವಾಯನಕೆರೆಯಿಂದ ನಾರಾವಿಗೆ ಹೋಗುವ ರಸ್ತೆಯಲ್ಲಿ ಒಂದು ಹೆಣ್ಣಿನ ಹಿಂದೆ ಐದಾರು ಗಂಡುಗಳು ಬಸ್ಸಿನ ಹಾರನ್ನಿಗೂ ಕಿವಿಗೊಡದೆ ಓಡುತ್ತಿರುತ್ತವೆ. ಅಲ್ಲಿಂದ ಎರಡು ತಿಂಗಳು ಎಣಿಸಿದರೆ ದೀಪಾವಳಿಯ ಆಸುಪಾಸು. ಏಣೆಲು ಗದ್ದೆಯ ಕೊಯ್ಲಾಗಿ ಬೈಹುಲ್ಲು ಮನೆಗೆ ಬಂದಿರುತ್ತದೆ, ನೆಲದ ಪಸೆ ಆರಿರುತ್ತದೆ. ಊರನಾಯಿಗಳು ಹೆಚ್ಚಾಗಿ ಮರಿ ಹಾಕುವುದು ಆಗಿನಿಂದ ಚಳಿ ಮುಗಿಯುವವರೆಗೆ. ಮನೆಯೊಳಗೆ ಸಾಕುವ ಜಾತಿನಾಯಿಗಳು ವರ್ಷದ ಯಾವ ತಿಂಗಳಲ್ಲೂ ಬೆದೆಗೆ ಬರುತ್ತವೆ. ಬೀದಿಯಲ್ಲಿ ಬದುಕುವ ನಮ್ಮ ನಾಯಿಗಳು ಋತುವಿನ ಕಟ್ಟನ್ನು ಇನ್ನೂ ಬಿಟ್ಟುಕೊಟ್ಟಿಲ್ಲ.

ಪಿಲ್ಯದ ಕಡೆಗಿರುವ ದೊಡ್ಡಮ್ಮನ ಮನೆಯ ಬೊಳ್ಳಿ ಇವೆರಡರ ನಡುವಿನದು. ತಾಯಿ ಊರನಾಯಿ, ತಂದೆಯ ಕಡೆಯಿಂದ ಲ್ಯಾಬ್ರಡಾರಿನ ಅಗಲ ತಲೆ ಮತ್ತು ಹಸಿವು ಬಂದಿದೆ. ಇದು ಅದರ ಎರಡನೆಯ ಬಸಿರು. ನಾನು ಅಲ್ಲಿಗೆ ಹೋದದ್ದು ತೋಟದ ಹಕ್ಕಿಗಳನ್ನು ನೋಡಲೆಂದು; ಟಿಪ್ಪಣಿ ಪುಸ್ತಕದ ತುಂಬ ಉಳಿದದ್ದು ಬೊಳ್ಳಿ.

ನಾಯಿಯ ಗಬ್ಬಕ್ಕೆ 63 ದಿನ ಎಂದು ಎಲ್ಲರೂ ಹೇಳುತ್ತಾರೆ. ಆ ಲೆಕ್ಕ ಅಂಡ ಬಿಡುಗಡೆಯಾದ ದಿನದಿಂದ ಹಿಡಿದರೆ ಮಾತ್ರ ಕೂಡಿಬರುತ್ತದೆ. ಗಂಡಿನ ವೀರ್ಯ ಹೆಣ್ಣಿನ ಒಡಲಲ್ಲಿ ಹಲವು ದಿನ ಜೀವಂತವಾಗಿ ಕಾಯಬಲ್ಲದು. ಹಾಗಾಗಿ ಕೂಡಿದ ದಿನದಿಂದ ಎಣಿಸುವವರಿಗೆ 57ನೇ ದಿನವೂ ಸರಿ, 72ನೇ ದಿನವೂ ಸರಿ. ತೋಳಕ್ಕೂ, ನರಿಗೂ, ಕುದುರೆಮುಖದ ಕಾಡಿನಲ್ಲಿರುವ ಕಾಡುನಾಯಿಗೂ ಗರ್ಭದ ಅವಧಿ ಹೆಚ್ಚುಕಡಿಮೆ ಇದೇ ಒಂಬತ್ತು ವಾರ. ದಿನ ತಪ್ಪಿತೆಂದು ಗಾಬರಿಯಾಗುವ ಮೊದಲು ಥರ್ಮಾಮೀಟರ್ ನೋಡುವುದು ಮೇಲು. ನಾಯಿಯ ಮೈಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ಗರ್ಭವನ್ನು ಹಿಡಿದಿಟ್ಟಿದ್ದ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಕೊನೆಯಲ್ಲಿ ಇಳಿದಾಗ ಮೈಬಿಸಿಯೂ ಸುಮಾರು ಒಂದು ಡಿಗ್ರಿ ಇಳಿಯುತ್ತದೆ. 37.2ಕ್ಕಿಂತ ಕೆಳಗೆ ಹೋಯಿತೆಂದರೆ ಸಾಮಾನ್ಯವಾಗಿ ಒಂದು ದಿನದೊಳಗೆ ಹೆರಿಗೆ. ಈ ಇಳಿತ ಕೆಲವೇ ಗಂಟೆ ಇದ್ದು ಮತ್ತೆ ಏರುವುದರಿಂದ ದಿನಕ್ಕೊಮ್ಮೆ ನೋಡಿದರೆ ಕೈತಪ್ಪುತ್ತದೆ. ದೊಡ್ಡಮ್ಮನ ಮಗ, ನನ್ನ ಅಣ್ಣ, ಕೊನೆಯ ವಾರದಲ್ಲಿ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮೂರು ಹೊತ್ತೂ ನೋಡಿ ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದ. 38.1, 38.0, 37.8, ಮತ್ತೊಂದು ಬೆಳಿಗ್ಗೆ 36.9.

ಆ ಬೆಳಿಗ್ಗೆ ಬೊಳ್ಳಿ ಅನ್ನ ಮುಟ್ಟಲಿಲ್ಲ. ಜಗಲಿಯ ಮೂಲೆಯಲ್ಲಿ ಅಣ್ಣ ಹಲಗೆ ಹೊಡೆದು ಮಾಡಿಟ್ಟಿದ್ದ ಪೆಟ್ಟಿಗೆಯನ್ನು ಮೂಸಿ ಬಿಟ್ಟುಹೋಯಿತು. ಸೌದೆರಾಶಿಯ ಹಿಂದೆ ಕೆರೆಯಿತು, ಹಟ್ಟಿಯ ಹುಲ್ಲಿನಲ್ಲಿ ಕೆರೆಯಿತು, ಕೊನೆಗೆ ಬಚ್ಚಲುಕೊಟ್ಟಿಗೆಯಲ್ಲಿ ಹಂಡೆಯ ಒಲೆಗೂ ಗೋಡೆಗೂ ನಡುವಿನ ಸಂದಿಗೆ ಹೋಗಿ ಮಲಗಿತು. ಅಡಿಕೆಸಿಪ್ಪೆಯ ಬೆಂಕಿ ಆರಿದ ಮೇಲೂ ಆ ಗೋಡೆ ಬೆಳಗಿನವರೆಗೆ ಬೆಚ್ಚಗಿರುತ್ತದೆ. ಮೂರು ಕಡೆ ಮರೆ, ಒಂದೇ ಬಾಗಿಲು. ಕಾಡಿನ ನಾಯಿ ಹುಡುಕುವ ಬಿಲಕ್ಕೆ ಇರಬೇಕಾದದ್ದೂ ಇಷ್ಟೇ. ಅಣ್ಣ ಅದನ್ನು ಪೆಟ್ಟಿಗೆಗೆ ಎತ್ತಿ ತರಲು ಹೊರಟಾಗ ದೊಡ್ಡಮ್ಮ ತಡೆದರು. “ಅಲ್ಲೇ ಇರ್ಲಿ ಮಗಾ. ಅದಕ್ಕೆ ಬೇಕಾದ ಜಾಗ ಅದಕ್ಕೆ ಗೊತ್ತುಂಟು. ನೀನು ಆ ಸೋಪಿನ ನೀರು ಬಳಿದು ಒಣಗಿದ ಗೋಣಿ ಹಾಸು.”

ದೊಡ್ಡಮ್ಮ ಹೇಳಿದ್ದು ಸರಿ. ಅಪರಿಚಿತ ಜಾಗ, ಅಪರಿಚಿತ ಮುಖ, ಕುತೂಹಲದ ಮಕ್ಕಳ ಗುಂಪು ಇವಿದ್ದರೆ ನಾಯಿ ಹೆರಿಗೆಯನ್ನು ತಾನೇ ತಡೆದುಕೊಳ್ಳುತ್ತದೆ. ಭಯದಲ್ಲಿ ಏರುವ ಹಾರ್ಮೋನುಗಳು ಗರ್ಭಕೋಶ ಬಿಗಿಯುವುದನ್ನು ಹತ್ತಿಕ್ಕುತ್ತವೆ. ಕಷ್ಟದ ಹೆರಿಗೆ ಎಂದು ನಾವು ಕರೆಯುವುದರಲ್ಲಿ ಒಂದಂಶ ನೋಡುವವರು ತಂದದ್ದೇ. ನಾನು ಬಾಗಿಲ ಹೊರಗೆ, ಅರ್ಧ ಗೋಡೆಯ ಆಚೆ ಸ್ಟೂಲು ಹಾಕಿ ಕುಳಿತೆ. ದೊಡ್ಡಮ್ಮ ಒಬ್ಬರೇ ಒಳಗೆ. ಗುಡ್ಡದ ತಪ್ಪಲಿನ ಈ ಊರುಗಳಲ್ಲಿ ರಾತ್ರಿ ಅಂಗಳದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಹೊಸತಲ್ಲ, ಆದ್ದರಿಂದ ಹೊರಬಾಗಿಲಿಗೆ ಅಗಳಿ.

ಇಡೀ ಹಗಲು ನಡುಕ, ಏದುಸಿರು, ಒಮ್ಮೆ ವಾಂತಿ. ಮತ್ತೆ ಮತ್ತೆ ಎದ್ದು ಗೋಣಿಯನ್ನು ಕೆರೆದು ಗುಡ್ಡೆ ಮಾಡುವುದು, ತಿರುಗಿ ತನ್ನ ಬೆನ್ನಿನ ಕಡೆ ನೋಡುವುದು. ಇದು ಹೆರಿಗೆಯ ಮೊದಲ ಹಂತ. ಗರ್ಭದ ಬಾಯಿ ತೆರೆಯುತ್ತಿರುತ್ತದೆ, ಹೊರಗೆ ಏನೂ ಕಾಣುವುದಿಲ್ಲ. 6ರಿಂದ 12 ಗಂಟೆ ಸಾಮಾನ್ಯ, ಚೊಚ್ಚಲಿಗೆ ಒಂದು ದಿನವೂ ಹಿಡಿಯಬಹುದು. ಈ ಹೊತ್ತಿನಲ್ಲಿ ನೋಡುವವರಿಗೆ ಕೆಲಸವೇ ಇಲ್ಲ, ಮತ್ತು ಕೆಲಸವಿಲ್ಲದೆ ಕೂರುವುದೇ ಕಷ್ಟ.

ರಾತ್ರಿ 8.50. ಹೊಟ್ಟೆ ಬಿಗಿದು ಮೊದಲ ಮುಕ್ಕು. ಹಿಂಗಾಲು ಗೋಡೆಗೆ ಒತ್ತಿದೆ. 9.05ಕ್ಕೆ ಕಪ್ಪು ಬೂದು ಬಣ್ಣದ ನೀರಚೀಲ ಕಂಡಿತು, 9.10ಕ್ಕೆ ಮರಿ ಜಾರಿಬಂತು. ಬೊಳ್ಳಿ ಚೀಲ ಹರಿದು, ಹೊಕ್ಕುಳಬಳ್ಳಿ ಕಡಿದು, ಮರಿಯನ್ನು ಉರುಳಿಸಿ ಉರುಳಿಸಿ ನೆಕ್ಕಿತು. ಆ ನೆಕ್ಕುವಿಕೆ ನಮ್ಮ ಕಣ್ಣಿಗೆ ತೀರ ಒರಟು. ಮರಿಯ ಉಸಿರು ಹೊರಡುವುದು ಅದರಿಂದಲೇ. 9.20ಕ್ಕೆ ಮಾಸು ಬಿತ್ತು, ತಿಂದಿತು. ಒಂದೆರಡು ತಿಂದರೆ ದೋಷವಿಲ್ಲ. ಎಲ್ಲವನ್ನೂ ತಿಂದರೆ ಭೇದಿಯಾಗುತ್ತದೆ. ಎಷ್ಟು ಮರಿ, ಎಷ್ಟು ಮಾಸು ಎಂಬುದನ್ನು ಪುಟದ ಅಂಚಿನಲ್ಲಿ ಗೆರೆ ಎಳೆದು ಬರೆಯುತ್ತಾ ಹೋದೆ.

9.55. ಎರಡನೆಯದು. ಇದು ಹಿಂಗಾಲು ಮುಂದಾಗಿ ಬಂತು. ದನದ ಕರು ಹೀಗೆ ಬಂದರೆ ಮನೆಯವರ ಎದೆ ಹೊಡೆದುಕೊಳ್ಳುತ್ತದೆ. ನಾಯಿಯಲ್ಲಿ ಸುಮಾರು 40 ಶೇಕಡ ಮರಿಗಳು ಹಿಂಗಾಲು ಮುಂದಾಗಿಯೇ ಬರುತ್ತವೆ, ಅದನ್ನು ತೊಡಕೆಂದು ಎಣಿಸಬಾರದು. ತೊಡಕು ಬೇರೆ: ಹಿಂಗಾಲುಗಳು ಹೊಟ್ಟೆಯ ಕೆಳಗೆ ಮಡಚಿಕೊಂಡು ಬರೀ ಬಾಲ, ಕುಂಡೆ ಮುಂದೆ ಬರುವುದು, ಕತ್ತು ಪಕ್ಕಕ್ಕೆ ತಿರುಗಿರುವುದು, ಮರಿ ಅಡ್ಡ ಬೀಳುವುದು, ಒಂದೇ ಮರಿಯಿದ್ದು ಅದು ಅಳತೆ ಮೀರಿ ಬೆಳೆದಿರುವುದು.

10.40. ಮೂರನೆಯದೂ ಹಿಂಗಾಲು ಮುಂದು. ಸೊಂಟದವರೆಗೆ ಬಂದು ಪಕ್ಕೆಲುಬಿನ ಹತ್ತಿರ ನಿಂತಿತು. ಬೊಳ್ಳಿ ಮುಕ್ಕಿತು, ಬಿಟ್ಟಿತು. ಮರಿ ಮತ್ತೆ ಒಳಗೆ ಸರಿಯಿತು. ಇನ್ನೊಮ್ಮೆ ಮುಕ್ಕಿತು, ಹಾಗೆಯೇ ಆಯಿತು.

ಇಲ್ಲಿ ಸಮಯ ನಿಮಿಷಗಳ ಲೆಕ್ಕಕ್ಕೆ ಇಳಿಯುತ್ತದೆ. ತಲೆ ಇನ್ನೂ ಒಳಗಿದೆ, ಹೊಕ್ಕುಳಬಳ್ಳಿ ತಾಯಿಯ ಸೊಂಟದ ಮೂಳೆಗೂ ಮರಿಯ ಎದೆಗೂ ನಡುವೆ ಅಮರಿದೆ. ರಕ್ತ ನಿಂತರೆ ಮರಿ ಒಳಗೇ ಉಸಿರೆಳೆಯಲು ಹೋಗಿ ನೀರು ಕುಡಿಯುತ್ತದೆ. ದೊಡ್ಡಮ್ಮ ಆಗಲೇ ಉಗುರು ಕತ್ತರಿಸಿ, ಮೊಣಕೈವರೆಗೆ ಸೋಪು ಹಾಕಿ ತೊಳೆದಿದ್ದರು. ಪಶುವೈದ್ಯರು ಕೊಟ್ಟಿದ್ದ ಜಾರುವ ಜೆಲ್ಲನ್ನು ಬೆರಳಿಗೆ ಸವರಿ ಮರಿಯ ಸುತ್ತ ಹಾಕಿದರು. ಒಣಬಟ್ಟೆಯಲ್ಲಿ ಸೊಂಟದಿಂದ ಮೇಲಕ್ಕೆ ಹಿಡಿದರು. ಕಾಲು ಹಿಡಿಯಲಿಲ್ಲ, ಕಾಲು ಹಿಡಿದು ಎಳೆದರೆ ಕೀಲು ಕಳಚುತ್ತದೆ. ಬೊಳ್ಳಿ ಮುಕ್ಕುವವರೆಗೆ ಸುಮ್ಮನೆ ಹಿಡಿದುಕೊಂಡೇ ಇದ್ದರು. ಮುಕ್ಕಿದಾಗ ಮಾತ್ರ ಕೆಳಮುಖವಾಗಿ, ತಾಯಿಯ ಹಿಂಗಾಲಿನ ಗಂಟಿನ ಕಡೆಗೆ, ಬಿಲ್ಲಿನಂತೆ ಬಗ್ಗಿಸಿ ಎಳೆದರು. ತಾಯಿ ಬಿಟ್ಟಾಗ ಅವರೂ ಬಿಟ್ಟರು, ಆದರೆ ಒಳಗೆ ಜಾರಲು ಬಿಡಲಿಲ್ಲ. ಮೂರನೆಯ ಮುಕ್ಕಿಗೆ ಇಡೀ ಮರಿ ಕೈಗೆ ಬಂತು.

ಅದು ಅಲುಗಾಡಲಿಲ್ಲ. ನಾಲಿಗೆ ನೀಲಿ.

ದೊಡ್ಡಮ್ಮ ಚೀಲ ಸರಿಸಿ, ಬಾಯಿಯೊಳಗಿನ ಲೋಳೆಯನ್ನು ಬೆರಳಿಗೆ ಸುತ್ತಿದ ಬಟ್ಟೆಯಿಂದ ತೆಗೆದರು. ಮೂಗಿನ ಲೋಳೆಯನ್ನು ಒಳಗೆ ಬಂದ ಅಣ್ಣ ಮಕ್ಕಳ ಮೂಗಿಗೆ ಬಳಸುವ ರಬ್ಬರ್ ಬುರುಡೆಯಿಂದ ಎಳೆದ. ತಲೆ ತುಸು ಕೆಳಗಾಗಿ ಹಿಡಿದು ಬೈರಾಸಿನಲ್ಲಿ ಬೆನ್ನು, ಎದೆ ತಿಕ್ಕಿದರು, ಎಣ್ಣೆಸ್ನಾನ ಮಾಡಿ ಬಂದ ಮಗುವಿನ ತಲೆ ಒರೆಸುವಷ್ಟು ಜೋರಾಗಿ. “ಬೀಸಿ ನೋಡುವನಾ?” ಎಂದು ಅಣ್ಣ ಕೇಳಿದ. ಮರಿಯನ್ನು ಎರಡು ಕೈಯಲ್ಲಿ ಹಿಡಿದು ಗಾಳಿಯಲ್ಲಿ ಬೀಸುವುದು ಹಿಂದೆ ಎಲ್ಲ ಕಡೆ ಇದ್ದ ಕ್ರಮ. ಬೀಸಿದ ರಭಸಕ್ಕೆ ಎಳೆಯ ಮಿದುಳಿನಲ್ಲಿ ರಕ್ತಸ್ರಾವವಾಗುತ್ತದೆಂದು ಪಶುವೈದ್ಯರು ಈಗ ಬೇಡವೆನ್ನುತ್ತಾರೆ. ದೊಡ್ಡಮ್ಮ ಉತ್ತರ ಕೊಡದೆ ತಿಕ್ಕುತ್ತಲೇ ಇದ್ದರು. ಬೆರಳ ತುದಿಗೆ ಎದೆಬಡಿತ ಸಿಗುತ್ತಿತ್ತು. ಎದೆಬಡಿತ ಇರುವವರೆಗೆ ಕೈಬಿಡಬಾರದು, ಕಾಲು ಗಂಟೆಯಾದರೂ, ಅರ್ಧ ಗಂಟೆಯಾದರೂ. 10.53ಕ್ಕೆ ಬಾಯಿ ತೆರೆದು ಒಂದು ಬಿಕ್ಕು. ಎಣಿಸಿ ಹದಿನೈದು ಸೆಕೆಂಡಿಗೆ ಇನ್ನೊಂದು. 11ಕ್ಕೆ ಕೂಗಿತು. ಬೊಳ್ಳಿ ಕಿವಿ ನಿಮಿರಿಸಿ ತಲೆ ಎತ್ತಿತು, ದೊಡ್ಡಮ್ಮ ಮರಿಯನ್ನು ಅದರ ಮೂಗಿನ ಹತ್ತಿರ ಇಟ್ಟರು.

ಹೊಕ್ಕುಳಬಳ್ಳಿಯನ್ನು ಹೊಟ್ಟೆಯಿಂದ ಎರಡು ಸೆಂಟಿಮೀಟರ್ ಬಿಟ್ಟು ಕುದಿಸಿದ ನೂಲಿನಲ್ಲಿ ಕಟ್ಟಿ, ಕತ್ತರಿಸಿ, ಅಯೋಡಿನ್ ಹಚ್ಚಿದ್ದಾಯಿತು.

11.25ಕ್ಕೆ ನಾಲ್ಕನೆಯದು ತಾನಾಗಿಯೇ ಬಂತು. ಆಮೇಲೆ ಬೊಳ್ಳಿ ಮಲಗಿತು. ಮರಿಗಳು ಮೊಲೆ ಹುಡುಕಿದವು, ಅದು ಕಣ್ಣು ಮುಚ್ಚಿತು. ಗ್ಲೂಕೋಸ್ ನೀರು ಕೊಟ್ಟಾಗ ಕುಡಿಯಿತು. 12 ದಾಟಿತು, 1 ಆಯಿತು. ಮುಕ್ಕುತ್ತಿಲ್ಲ, ನಡುಗುತ್ತಿಲ್ಲ. ಹೊಟ್ಟೆಯ ಮೇಲೆ ಕೈಯಿಟ್ಟರೆ ಎಡಬದಿಯಲ್ಲಿ ಗಟ್ಟಿ. ಒಳಗೆ ಇನ್ನೂ ಇದೆ. ಮರಿಯಿಂದ ಮರಿಗೆ ಅರ್ಧ ಗಂಟೆ, ಒಂದು ಗಂಟೆ ಸಾಮಾನ್ಯ. ತಾಯಿ ಶಾಂತವಾಗಿದ್ದರೆ ಎರಡು ಗಂಟೆಯವರೆಗೂ ಕಾಯಬಹುದು. ಹೊರಗೆ ತೋಟದಲ್ಲಿ ಪುನುಗಿನ ಬೆಕ್ಕು ತಾಳೆಮರದಿಂದ ಇಳಿದದ್ದು ಕೇಳಿಸಿತು, ಬೊಳ್ಳಿ ಕಿವಿಯನ್ನೂ ಆಡಿಸಲಿಲ್ಲ.

1.10ಕ್ಕೆ ಮತ್ತೆ ಮುಕ್ಕು ಶುರುವಾಯಿತು, ಈ ಸಲ ಜೋರಾಗಿ, ಒಂದರ ಮೇಲೊಂದು. 1.20ಕ್ಕೆ ಏನೂ ಇಲ್ಲ. 1.30ಕ್ಕೂ ಇಲ್ಲ. ನೀರಚೀಲವೂ ಕಾಣಲಿಲ್ಲ. ಅದು ಮೊದಲ ಬಾರಿಗೆ ನೋವಿನಿಂದ ಕೂಗಿತು. 1.35ಕ್ಕೆ ದೊಡ್ಡಮ್ಮ ನನ್ನ ಕಡೆ ತಿರುಗಿ ಎಷ್ಟಾಯಿತು ಎಂದು ಕೇಳಿದರು. 25 ನಿಮಿಷ ಎಂದೆ. “ಇನ್ನು ಕಾಯುವುದು ಬೇಡ. ಡಾಕ್ಟ್ರಿಗೆ ಫೋನು ಮಾಡು” ಎಂದು ಅಣ್ಣನಿಗೆ ಹೇಳಿದರು.

ಮನೆಯಲ್ಲಿ ನಾಯಿಯ ಹೆರಿಗೆ ಮಾಡಿಸುವವರು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬೇಕಾದದ್ದು ವೈದ್ಯರನ್ನು ಕರೆಯಲೇಬೇಕಾದ ಈ ಗಡಿಗಳನ್ನೇ. ಜೋರಾಗಿ ಮುಕ್ಕುತ್ತ ಅರ್ಧ ಗಂಟೆಯಾದರೂ ಮರಿ ಬಾರದಿದ್ದರೆ. ಒಳಗೆ ಮರಿಯಿದ್ದೂ ಎರಡು ಗಂಟೆ ಏನೂ ನಡೆಯದಿದ್ದರೆ. ಮೈಬಿಸಿ ಇಳಿದು ಒಂದು ದಿನವಾದರೂ ಹೆರಿಗೆ ಶುರುವಾಗದಿದ್ದರೆ. ಮೊದಲ ಮರಿ ಬರುವ ಮೊದಲೇ ಕಡುಹಸಿರು ದ್ರವ ಬಂದರೆ. ಈ ಹಸಿರು ನಾಯಿಯ ಮಾಸಿನ ಅಂಚಿನಲ್ಲಿ ನಿಂತ ರಕ್ತ ಒಡೆದು ಆಗುವ ಬಣ್ಣ, ಮಾಸು ಗೋಡೆಯಿಂದ ಬಿಟ್ಟುಕೊಂಡಿದೆ ಎಂಬುದರ ಗುರುತು. ಮೊದಲ ಮರಿಯ ನಂತರ ಬಂದರೆ ಅದು ಸಹಜ. ಮೊದಲೇ ಬಂದರೆ ಒಳಗೊಂದು ಮರಿಗೆ ಉಸಿರು ಕಡಿಯುತ್ತಿದೆ. ಒಂದೇ ಬಣ್ಣ, ಒಂದು ಗಂಟೆಯ ಅಂತರದಲ್ಲಿ ಎರಡು ಅರ್ಥ. ಅದಕ್ಕೇ ಯಾವುದು ಮೊದಲು, ಯಾವುದು ಆಮೇಲೆ ಎಂದು ಬರೆದಿಡುವವರು ಒಬ್ಬರು ಬೇಕು. ನಿದ್ದೆಗೆಟ್ಟ ತಲೆಗೆ ಹತ್ತು ನಿಮಿಷವೂ ಒಂದು ಗಂಟೆಯೂ ಒಂದೇ ತೆರನಾಗಿರುತ್ತದೆ.

ಫೋನಿನಲ್ಲಿ ವೈದ್ಯರು ಕೇಳಿದ್ದೂ ಇದನ್ನೇ: ಮೊದಲ ಮುಕ್ಕು ಎಷ್ಟಕ್ಕೆ, ಕೊನೆಯ ಮರಿ ಎಷ್ಟಕ್ಕೆ, ದ್ರವದ ಬಣ್ಣ ಏನು, ಮಾಸು ಎಷ್ಟು ಬಿದ್ದಿದೆ. ಪುಸ್ತಕ ನೋಡಿ ಓದಿದೆ. ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು: “ಇಂಜೆಕ್ಷನ್ ಏನಾದ್ರೂ ಕೊಟ್ಟಿದ್ದೀರಾ?” ಇಲ್ಲ ಎಂದಾಗ “ಒಳ್ಳೇದಾಯ್ತು, ಕರ್ಕೊಂಡು ಬನ್ನಿ” ಎಂದರು.

ಅವರು ಕೇಳಿದ್ದು ಆಕ್ಸಿಟೋಸಿನ್ ಬಗ್ಗೆ. ಹಾಲು ಕರೆಯುವವರಿಗೆ ಈ ಹೆಸರು ಗೊತ್ತು, ಸೊರೆ ಬಿಡದ ದನಕ್ಕೆ ಕದ್ದು ಚುಚ್ಚುವವರೂ ಇದ್ದಾರೆ. ಅದು ಗರ್ಭಕೋಶವನ್ನು ಬಿಗಿಸುವ ಮದ್ದು. ದಾರಿ ತೆರೆದಿದ್ದು ಗರ್ಭಕೋಶ ಮಾತ್ರ ಸೋತಿದ್ದರೆ ಅತಿ ಸಣ್ಣ ಪ್ರಮಾಣ ಸಾಕು. ದಾರಿಯಲ್ಲಿ ಮರಿ ಸಿಕ್ಕಿಕೊಂಡಿರುವಾಗ ಕೊಟ್ಟರೆ ಗರ್ಭಕೋಶ ಹರಿಯಬಹುದು, ಉಳಿದ ಮರಿಗಳ ಮಾಸು ಬಿಟ್ಟುಹೋಗಬಹುದು. ಯಾವುದು ಸೋತದ್ದು, ಯಾವುದು ಸಿಕ್ಕಿದ್ದು ಎಂಬುದನ್ನು ಬಚ್ಚಲುಕೊಟ್ಟಿಗೆಯಲ್ಲಿ ಕುಳಿತು ನಿಶ್ಚಯಿಸಲಾಗದು. ಸ್ವೀಡನ್ನಿನಲ್ಲಿ ನಾಯಿಗಳ 182 ಕಷ್ಟದ ಹೆರಿಗೆಗಳನ್ನು ಪರಿಶೀಲಿಸಿ 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ತಾಯಿಯ ಕಡೆಯದು, ಅದರಲ್ಲೂ ಹೆಚ್ಚಾಗಿ ಗರ್ಭಕೋಶ ದಣಿದು ನಿಲ್ಲುವುದು. ಉಳಿದ ಕಾಲು ಪಾಲು ಮರಿಯ ಗಾತ್ರ ಮತ್ತು ಬಂದ ಭಂಗಿಯದು. ಮುಕ್ಕಾಲು ಪಾಲಿನ ಲೆಕ್ಕ ಹಿಡಿದು ಸೂಜಿ ಚುಚ್ಚುವವರಿಗೆ ಆ ಕಾಲು ಪಾಲು ಎದುರಾದರೆ ತಾಯಿಯೂ ಉಳಿಯದೆ ಹೋಗಬಹುದು.

ಓಮ್ನಿಯ ಹಿಂದಿನ ಸೀಟು ಮಡಚಿ ಬೊಳ್ಳಿಯನ್ನು ಮಲಗಿಸಿದೆವು. ನಾಲ್ಕು ಮರಿಗಳು ರಟ್ಟಿನ ಪೆಟ್ಟಿಗೆಯಲ್ಲಿ, ನಡುವೆ ಬಿಸಿನೀರು ತುಂಬಿ ಬಟ್ಟೆ ಸುತ್ತಿದ ಬಾಟಲಿ. ಹುಟ್ಟಿದ ಮೊದಲ ವಾರ ನಾಯಿಮರಿಗೆ ನಡುಗಿ ಮೈ ಬಿಸಿಮಾಡಿಕೊಳ್ಳುವ ಶಕ್ತಿಯೇ ಇರುವುದಿಲ್ಲ. ಮೈಬಿಸಿ 36ರ ಆಸುಪಾಸಿನಲ್ಲಿದ್ದು ಸುತ್ತಲ ಬಿಸಿಯನ್ನೇ ನಂಬಿ ಬದುಕುತ್ತದೆ. ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಇಲ್ಲಿಂದ 50 ಕಿಲೋಮೀಟರಿಗೂ ಆಚೆ. ತಾಲೂಕಿನಲ್ಲೇ, ನಡುರಾತ್ರಿ ಎದ್ದು ಬಾಗಿಲು ತೆರೆಯುವ ವೈದ್ಯರೊಬ್ಬರು ಇದ್ದದ್ದು ಬೊಳ್ಳಿಯ ಭಾಗ್ಯ. ಹಳ್ಳಿಯ ನಾಯಿಗಳಲ್ಲಿ ಆ ಭಾಗ್ಯ ಬಹುಪಾಲಿಗಿಲ್ಲ. ಬಸಿರಿದ್ದಾಗಲೇ ರಾತ್ರಿ ಯಾರು ಸಿಗುತ್ತಾರೆಂದು ಕೇಳಿ ನಂಬರು ಬರೆದಿಟ್ಟುಕೊಳ್ಳುವುದು ಹಾಸುವ ಗೋಣಿಗಿಂತ ಮುಖ್ಯ.

ವೈದ್ಯರು ಕೈಗವಸು ಹಾಕಿ ಬೆರಳಿನಿಂದ ನೋಡಿದರು. ಮರಿಯ ಭುಜ ಮುಂದೆ ಬಂದಿದೆ, ಕತ್ತು ಪಕ್ಕಕ್ಕೆ ತಿರುಗಿ ತಲೆ ಹಿಂದೆ ಉಳಿದಿದೆ. ತುಂಬ ಜೆಲ್ ಹಾಕಿ, ಮುಕ್ಕು ನಿಂತ ಹೊತ್ತು ನೋಡಿ ಮರಿಯನ್ನು ಒಳಕ್ಕೆ ದೂಡಿದರು. ಹೊರಗೆ ಎಳೆಯಬೇಕಾದದ್ದನ್ನು ಮೊದಲು ಒಳಕ್ಕೆ ತಳ್ಳಬೇಕು, ಅಲ್ಲೇ ತಲೆ ತಿರುಗಿಸಲು ಎಡೆ ಸಿಗುವುದು. ಮನೆಯಲ್ಲಿ ಯಾರ ಕೈಗೂ ಹೊಳೆಯದ ಕೆಲಸ ಅದು. ಎರಡು ಸಲ ತಪ್ಪಿ ಮೂರನೆಯ ಸಲ ತಲೆ ದಾರಿಗೆ ಬಂತು. ಮರಿ ಸತ್ತಿತ್ತು, ದೊಡ್ಡ ಗಂಡುಮರಿ, ಎದೆಯ ಮೇಲೆ ಬಿಳಿ ಮಚ್ಚೆ. ಆಮೇಲೆ ಎದೆಬಡಿತವನ್ನು ಕೇಳುತ್ತ ನಿಧಾನವಾಗಿ ಕ್ಯಾಲ್ಸಿಯಂ, ಕೊನೆಗೆ ಒಂದು ಹನಿಯಷ್ಟು ಆಕ್ಸಿಟೋಸಿನ್. ಈಗ ದಾರಿ ತೆರವಾಗಿತ್ತು. 20 ನಿಮಿಷದಲ್ಲಿ ಆರನೆಯ ಮರಿ ಕೂಗುತ್ತಲೇ ಬಂತು. ಇಷ್ಟರಲ್ಲಿ ಆಗದಿದ್ದರೆ ಹೊಟ್ಟೆ ಕೊಯ್ಯಲು ಸಿದ್ಧ ಮಾಡಿಟ್ಟಿದ್ದರು.

ಬೊಳ್ಳಿಗೆ ತೊಡಕಾದದ್ದು ಮರಿಯ ಭಂಗಿಯಿಂದ; ತಲೆಯ ಅಳತೆಯೇ ತೊಡಕಾಗುವ ನಾಯಿಗಳೂ ಇವೆ. ಊರನಾಯಿಯ ಮರಿಗೂ ಮುಧೋಳದ ಮರಿಗೂ ತಲೆ ಕಿರಿದು, ಉದ್ದ. ಸೊಂಟದ ಮೂಳೆಯ ಸುತ್ತಿನಲ್ಲಿ ಸಲೀಸಾಗಿ ಹಾಯುತ್ತದೆ. ಬುಲ್‌ಡಾಗ್, ಫ್ರೆಂಚ್ ಬುಲ್‌ಡಾಗ್, ಬಾಸ್ಟನ್ ಟೆರಿಯರ್ ಎಂಬ ಮೂರು ತಳಿಗಳಲ್ಲಿ 80 ಶೇಕಡಕ್ಕೂ ಹೆಚ್ಚು ಹೆರಿಗೆ ಶಸ್ತ್ರಕ್ರಿಯೆಯಿಂದಲೇ ಆಗುತ್ತದೆಂದು ಬ್ರಿಟನ್ನಿನಲ್ಲಿ 2010ರಲ್ಲಿ ಪ್ರಕಟವಾದ ಸಮೀಕ್ಷೆ ತೋರಿಸಿದೆ. ಮನುಷ್ಯ ಆ ಮುಖವನ್ನು ಚಂದಕ್ಕೆಂದು ಗುಂಡಗೆ ಮಾಡಿದ, ಸೊಂಟವನ್ನು ಕಿರಿದಾಗಿಸಿದ. ಪುಟ್ಟ ಮೂಗಿನ ನಾಯಿಗಳು ಈಗ ನಮ್ಮ ತೋಟದ ಮನೆಗಳಿಗೂ ಬರುತ್ತಿವೆ. ಅವುಗಳಿಗೆ ಮನೆಯಲ್ಲೇ ಮರಿ ಹಾಕಿಸುತ್ತೇನೆ ಎನ್ನುವವರನ್ನು ಕಂಡರೆ ನನಗೆ ಭಯವಾಗುತ್ತದೆ.

ಕಾಡುನಾಯಿಯ ಹೆರಿಗೆಯನ್ನು ಬಿಲದೊಳಗೆ ಇಣುಕಿ ಕಂಡವರು ಇಲ್ಲವೆನ್ನುವಷ್ಟು ವಿರಳ. 1970ರ ದಶಕದಲ್ಲಿ ಬಂಡೀಪುರದಲ್ಲಿ ಅವುಗಳ ಹಿಂದೆ ನಡೆದ ಎ. ಜೆ. ಟಿ. ಜಾನ್‌ಸಿಂಗ್ ಬಿಲದ ಹೊರಗಿನ ಬದುಕನ್ನು ಬರೆದಿಟ್ಟರು: ಹಿಂಡಿನ ಉಳಿದವು ಬೇಟೆಯಾಡಿ ಬಂದು ಬಾಣಂತಿಗೂ ಮರಿಗಳಿಗೂ ಮಾಂಸ ಕಕ್ಕಿ ಕೊಡುತ್ತವೆ, ಬಿಲ ಕಾಯುತ್ತವೆ. ಬೀದಿಯ ತಾಯಿಗೆ ಅಂಥ ಹಿಂಡಿಲ್ಲ. ಕೋಲ್ಕತ್ತಾದ ಐಸರ್ ಸಂಸ್ಥೆಯಲ್ಲಿ ಅನಿಂದಿತಾ ಭದ್ರ ಮತ್ತು ಅವರ ತಂಡ 95 ಸೂಲುಗಳ 364 ಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಪ್ರಾಯಕ್ಕೆ ಬಂದದ್ದು 19 ಶೇಕಡ ಮಾತ್ರ. ಸಾವುಗಳಲ್ಲಿ 63 ಶೇಕಡಕ್ಕೆ ಮನುಷ್ಯನೇ ಒಂದಿಲ್ಲೊಂದು ರೀತಿಯಲ್ಲಿ ಕಾರಣ. ಹುಟ್ಟುವಾಗ ಉಳಿದದ್ದು ರಸ್ತೆಯಲ್ಲಿ ಸಾಯುತ್ತದೆ. ಅಳದಂಗಡಿ ಪೇಟೆಯ ಅಂಗಡಿಸಾಲಿನ ಹಿಂದೆ ಹುಟ್ಟಿದ ಮರಿಗಳನ್ನು ನೋಡುವಾಗಲೆಲ್ಲ ಈ ಅಂಕಿ ನೆನಪಿಗೆ ಬರುತ್ತದೆ.

ಬೆಳಿಗ್ಗೆ ಮನೆಗೆ ಬಂದ ಬೊಳ್ಳಿ ನೇರವಾಗಿ ಹಂಡೆಯ ಒಲೆಯ ಬುಡಕ್ಕೇ ಹೋಯಿತು. ಒದ್ದೆ ಗೋಣಿ ತೆಗೆದು ಹೊಸತು ಹಾಸಬೇಕಾಯಿತು, ಹೆರಿಗೆಯ ವಾಸನೆಗೆ ಇರುವೆಗಳು ಸಾಲುಹಿಡಿದು ಬರುತ್ತವೆ, ಕಣ್ಣು ಬಿಡದ ಮರಿಗೆ ಅವು ಕೊಲೆಗಾರರು. ಮೊದಲ ದಿನದೊಳಗೆ ಐದೂ ಗಿಣ್ಣುಹಾಲು ಕುಡಿಯುವಂತೆ ದೊಡ್ಡಮ್ಮ ಒಂದೊಂದನ್ನೇ ಮೊಲೆಗೆ ಹಿಡಿದರು. ರೋಗ ತಡೆಯುವ ಶಕ್ತಿ ಮರಿಗೆ ಬರುವುದು ಬಹುಮಟ್ಟಿಗೆ ಆ ಹಾಲಿನಿಂದ, ಒಂದು ದಿನ ಕಳೆದರೆ ಮರಿಯ ಕರುಳು ಅದನ್ನು ಹೀರುವುದನ್ನು ನಿಲ್ಲಿಸುತ್ತದೆ. ಅಡುಗೆಮನೆಯ ತಕ್ಕಡಿಯಲ್ಲಿ ದಿನಾ ತೂಕ. ಮೂರನೆಯ ಮರಿ 240 ಗ್ರಾಂ, ಮರುದಿನ 228, ಅದರ ಮರುದಿನ 236. ಮೊದಲ ದಿನ ಹತ್ತನೇ ಒಂದಂಶದವರೆಗೆ ಇಳಿಯಬಹುದು, ಆಮೇಲೆ ಏರಲೇಬೇಕು. ಹತ್ತು-ಹನ್ನೆರಡು ದಿನಕ್ಕೆ ಹುಟ್ಟಿದ ತೂಕದ ಎರಡರಷ್ಟು. ತಾಯಿಯ ಹಾಲು ಸಾಲದೆ ಬಂದರೆ ದನದ ಹಾಲು ಕೊಡುವುದು ರೂಢಿ, ಆದರೆ ನಾಯಿಯ ಹಾಲಿನಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಕೊಬ್ಬು, ಪ್ರೋಟೀನು ಇರುತ್ತದೆ. ಮೂರನೆಯದಕ್ಕೆ ಅದು ಬೇಕಾಗಲಿಲ್ಲ. ಉಳಿದವನ್ನು ತುಸು ಹೊತ್ತು ದೂರ ಇಟ್ಟು ಅದಕ್ಕೆ ಹಿಂಭಾಗದ ಹಾಲು ತುಂಬಿದ ಮೊಲೆ ಕೊಟ್ಟದ್ದು ಸಾಕಾಯಿತು.

ತಾಯಿಯ ಮೈಬಿಸಿ ಮೊದಲ ವಾರ ದಿನಾ ನೋಡಿದರು. ಮಾಸೊಂದು ಒಳಗುಳಿದರೆ ಜ್ವರ, ದುರ್ವಾಸನೆಯ ಸ್ರಾವ ಕಾಣುತ್ತದೆ. ಅದಾಗಲಿಲ್ಲ. ಇನ್ನೊಂದು ಅಪಾಯ ಎಲ್ಲರೂ ಮೈಮರೆತ ಮೇಲೆ, ಎರಡನೆಯ ವಾರದಿಂದ ನಾಲ್ಕನೆಯ ವಾರದ ನಡುವೆ, ಹಾಲು ಹೆಚ್ಚು ಇಳಿಯುವಾಗ ಬರುತ್ತದೆ. ರಕ್ತದ ಕ್ಯಾಲ್ಸಿಯಂ ಕುಸಿದು ತಾಯಿ ಚಡಪಡಿಸುತ್ತದೆ, ಕಾಲು ಸೆಟೆದು ನಡೆಯುತ್ತದೆ, ಮೈ ಅದುರಿ ಬಿಸಿಯೇರುತ್ತದೆ. ಆ ಗಂಟೆಯೇ ವೈದ್ಯರಲ್ಲಿಗೆ ಒಯ್ಯಬೇಕು. ಇದಕ್ಕೆ ಹೆದರಿ ಬಸಿರಿನಲ್ಲೇ ಕ್ಯಾಲ್ಸಿಯಂ ಟಾನಿಕ್ ಕುಡಿಸುವ ಮನೆಗಳು ಬಹಳ. ಅದರಿಂದ ಕೆಡುಕೇ ಹೆಚ್ಚು: ಹೊರಗಿನಿಂದ ಧಾರಾಳವಾಗಿ ಬರುತ್ತಿದ್ದರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಬಿಡುವ ದೇಹದ ಏರ್ಪಾಡು ಮಲಗಿರುತ್ತದೆ, ಬೇಕಾದ ದಿನ ಏಳುವುದಿಲ್ಲ.

ಮೂರನೆಯ ಮರಿ ಉಳಿದವುಗಳಿಗಿಂತ ಎರಡು ದಿನ ತಡವಾಗಿ ಕಣ್ಣು ಬಿಟ್ಟಿತು. ಆರನೆಯ ವಾರದಲ್ಲಿ ಐದಕ್ಕೂ ಮೊದಲ ಚುಚ್ಚುಮದ್ದಾಯಿತು. ಎರಡಕ್ಕೆ ಶಿರ್ಲಾಲಿನ ಕಡೆಯಿಂದ, ಒಂದಕ್ಕೆ ನಾರಾವಿಯಿಂದ ಕೇಳಿಕೊಂಡು ಬಂದವರಿದ್ದಾರೆ. ಎಂಟು ವಾರ ತುಂಬದೆ ಕೊಡುವುದಿಲ್ಲ ಎಂದು ದೊಡ್ಡಮ್ಮ ಹೇಳಿ ಕಳುಹಿಸಿದರು. ಹಾಲು ಆರಿದ ಮೇಲೆ ಬೊಳ್ಳಿಗೆ ಸಂತಾನಹರಣ ಶಸ್ತ್ರಕ್ರಿಯೆ ಮಾಡಿಸುವುದೆಂದು ತೀರ್ಮಾನವಾಗಿದೆ, ಅದರ ದಿನವನ್ನೂ ಅಣ್ಣ ಅದೇ ಕ್ಯಾಲೆಂಡರಿನಲ್ಲಿ ಬರೆದಿದ್ದಾನೆ.